ಲಕ್ವದ ಕೈಗೆ ಕೀಬೋರ್ಡ್, ತಬಲಾ, ತಾಳ: ಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಲಕ್ವ ಹೊಡೆದವರನ್ನು ನೋಡಿಕೊಳ್ಳುವ ಮನೆಯವರ ಗುಂಪು ಇದು. ಈ ವಾರದ ವಿಷಯ: ವಾದ್ಯ ಕಲಿಸುತ್ತಾ ಕೈ ಪಳಗಿಸುವುದು. ಉತ್ತರಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಎಷ್ಟು ತಿಂಗಳಾಯಿತು, ಯಾವ ಕೈ, ಬೆರಳು ಎಷ್ಟು ಆಡುತ್ತದೆ ಅಂತ ಬರೆದೇ ಕೇಳಿ. ಫಾರ್ವರ್ಡ್ ಬೇಡ.

ತುಮಕೂರು: ಮೇಡಂ, ಅಪ್ಪನಿಗೆ 5 ತಿಂಗಳು, ಬಲಗೈ. ಬೆರಳು ಪೂರ್ತಿ ಮಡಚುತ್ತಾರೆ, ಬಿಡಿಸೋದು ಅರ್ಧ. 61 ಕೀ ಕೀಬೋರ್ಡ್ ತಂದು ಸರಳೆ ವರಸೆ (ಸಂಗೀತದ ಮೊದಲ ಸ್ವರಪಾಠ) ಶುರು ಮಾಡಿಸಿದ್ದೇವೆ. ಒಂದು ಬೆರಳು ಒತ್ತಿದರೆ ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಸುರುಟಿಕೊಳ್ಳುತ್ತವೆ. ಏನು ಮಾಡೋಣ?

ಥೆರಪಿಸ್ಟ್: ಅವರ ಕೈಗೆ ಒತ್ತುವುದು ಕಷ್ಟವಲ್ಲ, ಎತ್ತುವುದು ಕಷ್ಟ. ಜೋರು ಹಾಕಿದಷ್ಟೂ, ಅವಸರಪಟ್ಟಷ್ಟೂ ಪಕ್ಕದ ಬೆರಳುಗಳು ಜೊತೆಗೆ ಮಡಚುತ್ತವೆ. ಮೊದಲು ಕೀಬೋರ್ಡಿನ ಟೋನ್ ಬದಲಿಸಿ. ಪಿಯಾನೋ ಟೋನಿನಲ್ಲಿ ಕೀ ಒತ್ತಿ ಹಿಡಿದರೂ ಸದ್ದು ತಾನೇ ಇಳಿದುಹೋಗುತ್ತದೆ. ಹಾರ್ಮೋನಿಯಂ ಅಥವಾ ಆರ್ಗನ್ ಟೋನಿನಲ್ಲಿ ಬೆರಳು ಏಳುವವರೆಗೂ ಸ್ವರ ನಿಲ್ಲುವುದಿಲ್ಲ. ಬೆರಳು ಎದ್ದಿಲ್ಲ ಅಂತ ನೀವು ಹೇಳಬೇಕಿಲ್ಲ, ಅವರ ಕಿವಿಯೇ ಹೇಳುತ್ತದೆ. ಟಚ್ ಸೆನ್ಸಿಟಿವಿಟಿ ಆಫ್ ಮಾಡಿ, ಇಲ್ಲವಾದರೆ ಸದ್ದು ಬರಲೆಂದು ಗುದ್ದುತ್ತಾರೆ.

ಸರಳೆ ವರಸೆ ಕಲಿಸುವ ರಾಗ ಮಾಯಾಮಾಳವಗೌಳ ಸದ್ಯಕ್ಕೆ ಬೇಡ. ಬಿಳಿ ಒಂದರ ಶ್ರುತಿಯಲ್ಲಿ (C ಕೀಯೇ ಸ) ಅದರ ರಿ, ದ ಎರಡೂ ಕಪ್ಪು ಕೀ. ಅಲ್ಲಿಗೆ ಚಾಚುವಾಗಲೇ ಕೈ ಬಿಗಿಯುತ್ತದೆ. ಶಂಕರಾಭರಣದ ಸರಿಗಮಪ ಸಾಕು, ಐದೂ ಬಿಳಿ. ಹೆಬ್ಬೆರಳಿಗೆ ಸ, ಕಿರುಬೆರಳಿಗೆ ಪ, ಕೈ ಜಾಗ ಬಿಟ್ಟು ಕದಲಬಾರದು. ಮೆಟ್ರೋನೋಮ್ (ಎಣಿಕೆಯ ಟಿಕ್ ಟಿಕ್) ನಿಮಿಷಕ್ಕೆ 40ಕ್ಕಿಡಿ. ಒಂದಕ್ಕೆ ಒತ್ತು, ಎರಡಕ್ಕೆ ಎತ್ತು, ಮೂರು ನಾಲ್ಕು ಬಿಡುವು. ಆ ಬಿಡುವಿನಲ್ಲಿ ಸುರುಟಿದ ಬೆರಳು ಸಡಿಲವಾಗದಿದ್ದರೆ ಮುಂದಿನ ಸ್ವರಕ್ಕೆ ಹೋಗಬೇಡಿ. ಬೆರಳಿಗೆ 10 ಸಲ, 15 ನಿಮಿಷ, ದಿನಕ್ಕೆ ಎರಡು ಹೊತ್ತು. ನೆಲದ ಮೇಲೆ ಚಕ್ಕಂಬಕ್ಕಳ ಬೇಡ. ಕುರ್ಚಿ, ಪಾದ ನೆಲಕ್ಕೆ, ಕೀ ಮೊಣಕೈ ಮಟ್ಟಕ್ಕೆ. ನೀವು ಬೆರಳು ಹಿಡಿದು ಒತ್ತಿಸಲೇಬೇಡಿ, ಬೇಕಾದರೆ ಎತ್ತುವಾಗ ಬೆರಳಿನ ಕೆಳಗಿಂದ ಸ್ವಲ್ಪ ಆಸರೆ ಕೊಡಿ. 20 ಸ್ವರದಲ್ಲಿ ಎಷ್ಟು ಸರಿಯಾಗಿ ಎರಡನೇ ಎಣಿಕೆಗೆ ನಿಂತವು ಅಂತ ಬರೆದಿಡಿ. 16 ದಾಟಿದ ಮೇಲೆ ವೇಗ ಸ್ವಲ್ಪ ಏರಿಸಿ.

ಕೀಬೋರ್ಡಿನ ಮುಂದಿನಿಂದ ಎದ್ದ ಕೂಡಲೇ ಅದೇ ಕೈಗೆ ಮನೆಗೆಲಸ ಕೊಡಿ: ಅವರೆಕಾಯಿ ಬಿಡಿಸುವುದು, ಶರ್ಟಿನ ಗುಂಡಿ. ಇದನ್ನು ಬಿಟ್ಟರೆ ಸರಿಗಮ ಬರುತ್ತದೆ, ಗುಂಡಿ ಹಾಕಲು ಬರುವುದಿಲ್ಲ.

ದಾವಣಗೆರೆ: ಸ್ಮೈಲಿ ಬಾಲ್ ದಿನಾ 200 ಸಲ ಒತ್ತಿಸುತ್ತಿದ್ದೇವೆ. ಸರಿ ತಾನೆ?

ಥೆರಪಿಸ್ಟ್: ಬೆರಳು ಬಿಗಿಯಾಗಿದ್ದರೆ ನಿಲ್ಲಿಸಿ. ಮಡಚುವ ಕೈಗೆ ಮಡಚುವುದನ್ನೇ ಕಲಿಸುತ್ತಿದ್ದೀರಿ.

ಬಳ್ಳಾರಿ: ಎಷ್ಟು ದಿನಕ್ಕೆ ಸರಿಹೋಗುತ್ತೆ ಮೇಡಂ?

ಥೆರಪಿಸ್ಟ್: ತಿಂಗಳು, ಕೈ, ಬೆರಳು ಬರೆಯಿರಿ. ದಿನ ಎಣಿಸಿ ಹೇಳುವವರನ್ನು ನಂಬಬೇಡಿ.

ಮೈಸೂರು, ಸಂಗೀತ ಶಿಕ್ಷಕರು: ಕ್ಷಮಿಸಿ ಮೇಡಂ. ಪುರಂದರದಾಸರು ಮಾಯಾಮಾಳವಗೌಳದಲ್ಲಿ ಪಾಠ ಹಾಕಿಕೊಟ್ಟಿದ್ದಕ್ಕೆ ಕಾರಣವಿದೆ. ಶಂಕರಾಭರಣದಿಂದ ಶುರು ಮಾಡಿದರೆ ಸ್ವರಸ್ಥಾನ ಕೂರುವುದಿಲ್ಲ. ಅದೂ ಕೀಬೋರ್ಡಿನಲ್ಲಿ, ಗಮಕವೇ ಇಲ್ಲದ ವಾದ್ಯ.

ಧಾರವಾಡ: ನಮ್ಮ ಕಡೆ ಬಿಲಾವಲದಿಂದನ ಸುರು ಮಾಡತೀವ್ರಿ, ಅಂದ್ರ ನಿಮ್ಮ ಶಂಕರಾಭರಣದ ಸ್ವರನ, ಎಲ್ಲಾ ಶುದ್ಧ ಸ್ವರ. ಯಾರ ಸ್ವರನೂ ಕೆಟ್ಟಿಲ್ಲ.

ಸಂಗೀತ ಶಿಕ್ಷಕರು: ಹಾರ್ಮೋನಿಯಂ ಹಿಡಿದು ಕಲಿಯುವವರಿಗೆ ಅಷ್ಟು ಸಾಕು. ಆಕಾಶವಾಣಿ 1940ರಲ್ಲಿ ಅದನ್ನು ಸುಮ್ಮನೆ ನಿಷೇಧಿಸಲಿಲ್ಲ.

ಧಾರವಾಡ: 1971ರಾಗ ಸಡಿಲ ಮಾಡಿದ್ದೂ ಸುಮ್ಮನ ಅಲ್ರಿ.

ಥೆರಪಿಸ್ಟ್: ಕಛೇರಿಗೆ ತಯಾರಿ ನಡೆಯುತ್ತಿಲ್ಲ ಇಲ್ಲಿ. ಮುಂದಿನ ಪ್ರಶ್ನೆ.

ಹಾಸನ: ಅಮ್ಮನಿಗೆ 2 ತಿಂಗಳು, ಬಲಗೈ. ದಿನಾ 2 ಗಂಟೆ ಕೀಬೋರ್ಡ್ ಮಾಡಿಸುತ್ತಿದ್ದೆವು. ಒಂದು ವಾರದಿಂದ ಕೈ ಊದಿದೆ, ಬೆರಳ ಗೆಣ್ಣು ಕೆಂಪಗೆ, ಚರ್ಮ ಹೊಳೆಯುತ್ತಿದೆ, ಮುಟ್ಟಿದರೆ ಬಿಸಿ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಕಿರುಚುತ್ತಾರೆ. ಭುಜವೂ ನೋವು. ಇನ್ನೂ ಜಾಸ್ತಿ ಮಾಡಿಸಬೇಕಾ?

ಥೆರಪಿಸ್ಟ್: ಕೀಬೋರ್ಡ್ ಇವತ್ತೇ ನಿಲ್ಲಿಸಿ. ನಾಳೆಯೇ ಡಾಕ್ಟರಿಗೆ ತೋರಿಸಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ನೀವು ಬರೆದದ್ದು ಶೋಲ್ಡರ್-ಹ್ಯಾಂಡ್ ಸಿಂಡ್ರೋಮ್ (ಭುಜ ನೋಯುತ್ತಾ ಕೈ ಊದುವ ತೊಂದರೆ) ಇದ್ದ ಹಾಗಿದೆ. ಲಕ್ವದ ಮೊದಲ ಕೆಲವು ತಿಂಗಳಲ್ಲೇ ಬರುವಂಥದ್ದು. ಆದರೆ ತೋಳಿನ ರಕ್ತನಾಳದಲ್ಲಿ ಹೆಪ್ಪು, ಸೋಂಕು, ಬಿದ್ದು ಆದ ಮೂಳೆ ಬಿರುಕು ಕೂಡ ಹೀಗೇ ಕಾಣಬಹುದು. ಅವು ಅಲ್ಲ ಅಂತ ಡಾಕ್ಟರೇ ಹೇಳಬೇಕು, ಗುಂಪಲ್ಲ. ಇಡೀ ತೋಳು ಊದಿದರೆ, ಉಸಿರು ಸಾಲದಂತಾದರೆ ರಾತ್ರಿಯೇ ಹೊರಡಿ.

ಈಗಲೇ ಬಳೆ, ಉಂಗುರ ತೆಗೆಯಿರಿ, ಸೋಪು ನೀರು ಹಚ್ಚಿ ಮೆಲ್ಲಗೆ. ನಾಳೆಗೆ ಬೆರಳು ಇನ್ನೂ ಊದಿದರೆ ಉಂಗುರವನ್ನು ಕತ್ತರಿಸಬೇಕಾಗುತ್ತದೆ. ಕೂತಾಗ ಕೈ ತೊಡೆ ಪಕ್ಕ ಜೋತು ಬೀಳಬಾರದು: ಮುಂದೆ ದಿಂಬು, ಅದರ ಮೇಲೆ ಮುಂಗೈ, ಬೆರಳು ಮೊಣಕೈಗಿಂತ ಸ್ವಲ್ಪ ಮೇಲೆ. ಆ ಕೈಗೆ ಬಿಪಿ ಪಟ್ಟಿ, ಡ್ರಿಪ್ ಬೇಡ ಅಂತ ಹೇಳಿ. ಎಣ್ಣೆ ಹಾಕಿ ತಿಕ್ಕಬೇಡಿ.

ಇನ್ನೊಂದು ಪ್ರಶ್ನೆ, ನಿಜ ಹೇಳಿ. ಅವರನ್ನು ಎಬ್ಬಿಸುವಾಗ ಕಂಕುಳಲ್ಲಿ ಕೈ ಹಾಕಿ ಎತ್ತುತ್ತೀರಾ? ರವಿಕೆ ತೊಡಿಸುವಾಗ ತೋಳು ಎಳೆಯುತ್ತೀರಾ? ಭುಜದ ಕೀಲು ಸಡಿಲವಾದ ಕೈಗೆ ಪೆಟ್ಟಾಗಲು ಅಷ್ಟು ಸಾಕು. ತೊಡಿಸುವಾಗ ಬಲಗೈ ಮೊದಲು, ತೆಗೆಯುವಾಗ ಕೊನೆಗೆ. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ನೀವಾಗಿ ಎತ್ತಬೇಡಿ. ಒಂದಿಷ್ಟೂ ಆಡಿಸದೆ ಬಿಟ್ಟರೂ ಕೈ ಸೆಟೆಯುತ್ತದೆ, ಆದ್ದರಿಂದ ನೋವಾಗದಷ್ಟು ಅವರೇ ಆಡಿಸಲಿ. ಕೀಬೋರ್ಡ್ ಊತ ಇಳಿದ ಮೇಲೆ, 5 ನಿಮಿಷದಿಂದ.

ಹಾಸನ: ಹೌದು ಮೇಡಂ, ಕಂಕುಳಲ್ಲೇ ಎತ್ತುತ್ತಿದ್ದೆವು.

ಕೋಲಾರ: ಎಲ್ಲರೂ ಉಳಿಸಿಕೊಳ್ಳಿ: ಲಕ್ವ ಹೊಡೆದ ಕೂಡಲೇ ಹತ್ತು ಬೆರಳಿನ ತುದಿಗೂ ಸೂಜಿ ಚುಚ್ಚಿ ರಕ್ತ ತೆಗೆದರೆ 100% ಗುಣ. ಆಮೇಲೆ ಪಾರಿವಾಳದ ರಕ್ತ ಹಚ್ಚಿ, ಬಿಸಿ ಉಪ್ಪಿನ ಶಾಖ ಕೊಡಿ. ಪ್ರತಿ ರಾತ್ರಿ ರಾಗ ಕೇಳಿಸಿದರೆ ಕೈ ತಾನೇ ಏಳುತ್ತದೆ. 10 ಜನಕ್ಕೆ ಕಳಿಸಿ.

ಥೆರಪಿಸ್ಟ್: ಒಬ್ಬರಿಗೂ ಕಳಿಸಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ 4.5 ಗಂಟೆಯೊಳಗೆ ಹೋಗಬೇಕು, ನೀವು ಸೂಜಿ ಹುಡುಕುತ್ತಾ ಕೂತರೆ ಆ ಹೊತ್ತು ಹೋಗುತ್ತದೆ. ಸ್ಪರ್ಶ ಗೊತ್ತಾಗದ ಕೈಗೆ ಉಪ್ಪಿನ ಗಂಟು ಇಟ್ಟರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಪಾರಿವಾಳವನ್ನು ಅದರ ಪಾಡಿಗೆ ಬಿಡಿ. ರಾಗ ಕೇಳುವುದು ಬೇರೆ: ಫಿನ್ಲೆಂಡಿನಲ್ಲಿ 2008ರ ಒಂದು ಅಧ್ಯಯನದಲ್ಲಿ ದಿನಾ ಹಾಡು ಕೇಳಿದವರ ನೆನಪು, ಗಮನ ಸುಧಾರಿಸಿತು. ಕೈ ಏಳಲು ಕೈಯೇ ಕೆಲಸ ಮಾಡಬೇಕು.

ಬೆಂಗಳೂರು: ಹಾಗಾದರೆ ಕೀಬೋರ್ಡಿಗೇನು ಆಧಾರ? ಅದೂ ಫಾರ್ವರ್ಡೇ ಅಲ್ಲವೇ?

ಥೆರಪಿಸ್ಟ್: ನ್ಯಾಯವಾದ ಪ್ರಶ್ನೆ. ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದದ್ದು: 8 ಬಿಳಿ ಕೀ, 8 ಡ್ರಂ ಪ್ಯಾಡ್, ಅರ್ಧ ಗಂಟೆಯ 15 ಪಾಠ, 3 ವಾರ. ಬೆರಳ ವೇಗ, ನಯ ಸುಧಾರಿಸಿತು. ಆದರೆ ಮಾಮೂಲಿ ಚಿಕಿತ್ಸೆಯ ಮೇಲೆ ಇದು ಹೆಚ್ಚುವರಿ, ಅಂದರೆ ಹೊತ್ತೂ ಜಾಸ್ತಿ ಸಿಕ್ಕಿತ್ತು. ಆಮೇಲೆ ಬಾರ್ಸಿಲೋನಾದಲ್ಲಿ ಹೋಲಿಸಿದಾಗ ಕೈಯ ಮಟ್ಟಿಗೆ ಮಾಮೂಲಿ ಚಿಕಿತ್ಸೆಗಿಂತ ಮೇಲಾಗಲಿಲ್ಲ. ಬೇಜಾರಿಲ್ಲದೆ ಸಾವಿರ ಸಲ ಬೆರಳೆತ್ತಿಸುತ್ತದೆ, ಅಷ್ಟೇ ಅದರ ಲಾಭ. ಅದು ಸಣ್ಣದಲ್ಲ.

ಧಾರವಾಡ: ಮೇಡಮ್ಮಾರ, ನಮ್ಮ ಕಾಕಾಗ ಎಡಗೈ, ಮೂರು ತಿಂಗಳಾತು. ಬೆರಳ ಅಳ್ಳಾಡೂದಿಲ್ಲ, ಭುಜ, ಮೊಣಕೈ ಸ್ವಲ್ಪ ಆಡತಾವು. ಮೊದಲ ತಬಲಾ ಬಾರಸ್ತಿದ್ರು. ಡಗ್ಗಾ (ತಬಲಾ ಜೋಡಿಯೊಳಗ ಎಡಗೈಲೆ ಬಾರಸೂದು) ಮುಂದ ಕುಂಡ್ರಸಬಹುದೇನ್ರಿ?

ಥೆರಪಿಸ್ಟ್: ಕೂರಿಸಿ, ಕುರ್ಚಿಯಲ್ಲಿ. ಡಗ್ಗಾ ತಗ್ಗು ಟೇಬಲ್ ಮೇಲಿರಲಿ, ಅಲುಗದಂತೆ ಸಿಂಬಿ ಇಟ್ಟು. ಬೋಲ್ (ಬೆರಳಿನ ಪೆಟ್ಟಿನ ಪಾಠ) ಬೇಡ, ಅಂಗೈ ಅಗಲಿಸಿ ಚರ್ಮದ ಮೇಲೆ ಇಡುವುದು, ಮೊಣಕೈಯಿಂದ ಎತ್ತುವುದು. ತೀನ್‌ತಾಳದ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ ಮಾತ್ರ ಒಂದು ಪೆಟ್ಟು, 16 ಮಾತ್ರೆಗೆ ಒಮ್ಮೆ. ಭುಜ ಕಿವಿಯ ಕಡೆ ಏರಿದರೆ ನಿಲ್ಲಿಸಿ.

ಸಂಗೀತ ಶಿಕ್ಷಕರು: ವಾದ್ಯವೇ ಇಲ್ಲದೆ ಬರೀ ತಾಳ ಹಾಕಿಸಿದರೆ?

ಥೆರಪಿಸ್ಟ್: ಇದು ಒಳ್ಳೇ ಪ್ರಶ್ನೆ ಮೇಷ್ಟ್ರೇ. ಬೆರಳು ಸ್ವಲ್ಪವಾದರೂ ಬಿಡಿಸುವವರಿಗೆ ಆದಿತಾಳಕ್ಕಿಂತ ಅಗ್ಗದ ವ್ಯಾಯಾಮ ನನಗೆ ಕಂಡಿಲ್ಲ. ಪೆಟ್ಟಿಗೆ ಅಂಗೈ ಅಗಲವಾಗಬೇಕು. ಕಿರುಬೆರಳು, ಉಂಗುರದ ಬೆರಳು, ಮಧ್ಯದ ಬೆರಳು ಒಂದೊಂದೇ ಹೆಬ್ಬೆರಳಿಗೆ ಮುಟ್ಟಬೇಕು. ಹುಸಿಗೆ ಅಂಗೈ ಮೇಲ್ಮುಖ ತಿರುಗಬೇಕು, ಲಕ್ವದ ಕೈ ಕಳೆದುಕೊಳ್ಳುವುದೇ ಆ ತಿರುವನ್ನು. ಇಡೀ ತೋಳು ಹೊರಗೆ ಬೀಸಿದರೆ ಕಳ್ಳಾಟ. ಮೊಣಕೈ ಪಕ್ಕೆಗೆ ಅಂಟಿರಲಿ. 8 ಎಣಿಕೆಯ 10 ಆವರ್ತ, ಬಿಡುವು, ಮತ್ತೆ 10.

ಸಂಗೀತ ಶಿಕ್ಷಕರು: ನೋಡಿದಿರಾ, ಕೊನೆಗೆ ನಮ್ಮ ಪದ್ಧತಿಯೇ.

ಧಾರವಾಡ: ತಾಳಕ್ಕ ಪೇಟೆಂಟ್ ತಗೊಂಡೀರೇನು?

ಸಂಗೀತ ಶಿಕ್ಷಕರು: ನಿಮ್ಮ ಹತ್ತಿರ ಮಾತಾಡಿದ್ದೇ ತಪ್ಪು.

ಶಿವಮೊಗ್ಗ: ಯಾವ ಕಂಪನಿ ಕೀಬೋರ್ಡ್ ತಗೊಳ್ಳಲಿ? ಇನ್ಶೂರೆನ್ಸಿನಲ್ಲಿ ಬರುತ್ತಾ?

ಮಂಡ್ಯ: ಮಾತು ಬರಲ್ಲ, ದೇವರನಾಮ ಮಾತ್ರ ಪೂರ್ತಿ ಹಾಡ್ತಾರೆ. ಏನು ಮೇಡಂ ಇದು?

ಥೆರಪಿಸ್ಟ್: ಮಂಡ್ಯದವರೇ, ಅದನ್ನು ಬಿಡಬೇಡಿ, ಆ ಹಾಡಿನ ಎಳೆ ಹಿಡಿದೇ ಮಾತಿನ ತರಬೇತಿ ಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ.

ಶಿವಮೊಗ್ಗ: ನನ್ನ ಪ್ರಶ್ನೆ ಬಿಟ್ಟಿರಿ.

ಚಿತ್ರದುರ್ಗ: ಸ್ಮೈಲಿ ಬಾಲ್ ಒತ್ತಿಸಬಹುದಾ ಮೇಡಂ?

ಥೆರಪಿಸ್ಟ್: ಮೇಲೆ ಓದಿ.

ಕೋಲಾರ: ನಮ್ಮೂರಲ್ಲಿ ಪಾರಿವಾಳದಿಂದ ಎದ್ದವರಿದ್ದಾರೆ. ಓದಿದವರಿಗೆಲ್ಲ ಗೊತ್ತಿರಲ್ಲ.

ಥೆರಪಿಸ್ಟ್: ಮೊದಲ ಮೂರು ತಿಂಗಳಲ್ಲಿ ಎಷ್ಟೋ ಕೈ ಔಷಧವಿಲ್ಲದೆಯೂ ಸ್ವಲ್ಪ ಏಳುತ್ತವೆ. ಆಗ ಹಚ್ಚಿದ್ದಕ್ಕೆಲ್ಲ ಹೆಸರು. ನಿಮ್ಮ ಜೊತೆ ಇನ್ನು ವಾದ ಇಲ್ಲ.

ಅಡ್ಮಿನ್: ಕೋಲಾರ, ಧಾರವಾಡ, ಮೇಷ್ಟ್ರು, ಮೂವರೂ ಇವತ್ತಿಗೆ ಸಾಕು.

ಹಾಸನ: ಮೇಡಂ, ಬಳೆ ತೆಗೆದೆವು, ಉಂಗುರ ಬರುತ್ತಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರ್ ಸಿಗುತ್ತಾರೆ.

ಥೆರಪಿಸ್ಟ್: ಬೆರಳ ತುದಿ ನೀಲಿಯಾಗಿದೆಯಾ, ಮರಗಟ್ಟಿದೆಯಾ ನೋಡಿ. ಹಾಗಿದ್ದರೆ ಈಗಲೇ ಆಸ್ಪತ್ರೆಗೆ, ಉಂಗುರ ಕತ್ತರಿಸುತ್ತಾರೆ. ಇಲ್ಲದಿದ್ದರೆ ಕೈ ದಿಂಬಿನ ಮೇಲಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಸೋಪು ಹಚ್ಚಿ, ತಿರುಗಿಸುತ್ತಾ ತೆಗೆಯಿರಿ, ಎಳೆಯಬೇಡಿ. ನಾಳೆ ಶುಗರ್ ರಿಪೋರ್ಟ್ ಒಯ್ಯಿರಿ. ಈ ಊತಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆದರೆ ಶುಗರ್ ಏರುತ್ತದೆ. ಏನು ಹೇಳಿದರು ಅಂತ ಇಲ್ಲೇ ಬರೆಯಿರಿ.