ಅಪ್‌ಡೇಟ್: ಕುಂಚದ ಗೀಟುಗಳ ನಡುಕ ನಿಂತಿತು

ಮೊದಲು ಕೇಳಿದ್ದು ಇದು: ಫೋಟೋ ಮೇಲೆ ಮೌಸ್ ಎಳೆದಲ್ಲೆಲ್ಲ ಇಂಪ್ರೆಷನಿಸ್ಟ್ ಶೈಲಿಯ ಗೀಟು ಮೂಡಬೇಕು, ಆದರೆ ಗೀಟುಗಳು ನಡುಗುತ್ತವೆ, ಆಕಾಶದ ಭಾಗದಲ್ಲಂತೂ ದಿಕ್ಕಾಪಾಲು. ಬಳಸಿದ್ದು ಪಿ5 ಜೆಎಸ್, ಅಂದರೆ ಚಿತ್ರ ಬಿಡಿಸಲು ಇರುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಎರಡೂ ಸರಿಹೋದವು.

ನಡುಕದ ಕಾರಣ ತೀರಾ ಸಣ್ಣದು. ಡ್ರಾ ಫಂಕ್ಷನ್ ಸೆಕೆಂಡಿಗೆ ಸುಮಾರು 60 ಸಲ ಓಡುತ್ತದೆ. ಪ್ರತಿ ಸಲವೂ ಹಳೇ ಗೀಟುಗಳಿಗೂ ರ್‍ಯಾಂಡಮ್‌ನಿಂದ ಹೊಸ ಉದ್ದ, ಹೊಸ ಓರೆ ಸಿಗುತ್ತಿತ್ತು. ಈಗ ಗೀಟು ಹುಟ್ಟಿದಾಗ ಒಮ್ಮೆ ಮಾತ್ರ ಕ್ರಿಯೇಟ್‌ಗ್ರಾಫಿಕ್ಸ್ (ಪ್ರತ್ಯೇಕ ಕ್ಯಾನ್ವಾಸ್) ಪದರದ ಮೇಲೆ ಬರೆದು, ಆ ಪದರವನ್ನಷ್ಟೇ ತೋರಿಸುವುದು. ಗೀಟು ಸಾವಿರ ದಾಟಿದರೂ ವೇಗ ಕುಸಿಯಲ್ಲ.

ದಿಕ್ಕಿನದೇ ನಿಜವಾದ ತಲೆನೋವು. ಅಂಚು ಹುಡುಕುವ ಸೋಬೆಲ್ ಫಿಲ್ಟರ್ ಕೊಡುವ ಗ್ರೇಡಿಯಂಟ್ (ಹೊಳಪು ಯಾವ ಕಡೆ ಎಷ್ಟು ಬದಲಾಗುತ್ತದೆ ಎಂಬ ಅಳತೆ; ಅಡ್ಡಕ್ಕೆ ಜಿಎಕ್ಸ್, ಲಂಬಕ್ಕೆ ಜಿವೈ) ಆಕಾಶದಂಥ ಸಪಾಟು ಜಾಗದಲ್ಲಿ ಸೊನ್ನೆಗೆ ಹತ್ತಿರ, ಅಲ್ಲಿ ಕೋನ ತೀರ್ಮಾನಿಸುವುದು ಬರೀ ನಾಯ್ಸ್. ಕೋನಗಳನ್ನೇ ಬ್ಲರ್ ಮಾಡಿದರೆ (ಅಕ್ಕಪಕ್ಕದವುಗಳ ಸರಾಸರಿ ತೆಗೆದರೆ) ಇನ್ನೂ ಕೆಡುತ್ತದೆ: 1 ಡಿಗ್ರಿ, 179 ಡಿಗ್ರಿ ಹೆಚ್ಚುಕಡಿಮೆ ಒಂದೇ ಗೆರೆ, ಸರಾಸರಿ ಮಾತ್ರ 90! ಬದಲಿಗೆ ಜಿಎಕ್ಸ್ ವರ್ಗ, ಜಿವೈ ವರ್ಗ, ಜಿಎಕ್ಸ್–ಜಿವೈ ಗುಣಲಬ್ಧ, ಈ ಮೂರನ್ನೂ ಬೇರೆಬೇರೆಯಾಗಿ ಬ್ಲರ್ ಮಾಡಬೇಕು. ಆಮೇಲೆ ಎರಡು ಸಂಖ್ಯೆಗಳಿಂದ ಕೋನ ಲೆಕ್ಕಹಾಕುವ ಏಟ್ಯಾನ್2ಗೆ ಗುಣಲಬ್ಧದ ಎರಡರಷ್ಟು ಮತ್ತು ವರ್ಗಗಳ ವ್ಯತ್ಯಾಸ ಕೊಟ್ಟು, ಬಂದದ್ದರ ಅರ್ಧಕ್ಕೆ 90 ಡಿಗ್ರಿ ಕೂಡಿಸಿದರೆ ಗೀಟು ಅಂಚಿನ ಗುಂಟ ಹರಿಯುತ್ತದೆ.

ಬಣ್ಣ ತಪ್ಪಿದ ಜಾಗದಿಂದ ಬರುತ್ತಿದ್ದರೆ ಪಿಕ್ಸೆಲ್‌ಡೆನ್ಸಿಟಿ ನೋಡಿ. ಅದು ಕ್ಯಾನ್ವಾಸಿನ ಒಂದು ಬಿಂದುವಿಗೆ ಅಡ್ಡಕ್ಕೂ ಲಂಬಕ್ಕೂ ಎಷ್ಟೆಷ್ಟು ಪಿಕ್ಸೆಲ್ ಎಂಬ ಸಂಖ್ಯೆ; 2 ಇರುವ ಪರದೆಯಲ್ಲಿ ಕ್ಯಾನ್ವಾಸಿನ ಪಿಕ್ಸೆಲ್ ಪಟ್ಟಿ ನಾಲ್ಕು ಪಟ್ಟು ಉದ್ದ. ಬಣ್ಣವನ್ನು ಮೂಲ ಫೋಟೋದಿಂದಲೇ ಓದಿದರೆ ಆ ರಗಳೆಯೇ ಇಲ್ಲ.