ಪರಮವೀರ ಚಕ್ರ: ಸುಬೇದಾರ್ ಸಾಹೇಬ್ರಿಗೆ ಕೇಳ್ರಿ (ಪುಣೆ ಕನ್ನಡಿಗರ ಗ್ರೂಪ್)

ಅಡ್ಮಿನ್: ಖಡಕಿಯ ಬಾಂಬೆ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ಪಡೆ) ರೆಕಾರ್ಡ್ಸ್ ಆಫೀಸಿನ್ಯಾಗ ಕೆಲಸ ಮಾಡಿ ರಿಟೈರ್ ಆದ ಸುಬೇದಾರ್ ಸಾಹೇಬ್ರು ಇವತ್ತ ಶೌರ್ಯ ಪದಕಗಳ ಬಗ್ಗೆ ಉತ್ತರ ಕೊಡ್ತಾರ. ಪ್ರಶ್ನೆ ಕೆಳಗ ಹಾಕ್ರಿ.

ವಾಕಡ್ ಹುಡುಗ: ನಮಸ್ಕಾರ ಸರ್, ಪರಮವೀರ ಚಕ್ರ ಇದುವರೆಗೆ ಎಷ್ಟ್ ಜನಕ್ಕೆ ಸಿಕ್ಕಿದೆ?

ಸುಬೇದಾರ್: ನಮಸ್ಕಾರ ತಮ್ಮಾ. 21 ಮಂದಿಗೆ, ಅದ್ರಾಗ 14 ಮಂದಿಗೆ ಮರಣೋತ್ತರ. ಶುರು ಮಾಡಿದ್ದು 1950ರ ಜನವರಿ 26ಕ್ಕ, ಆದ್ರ 1947ರ ಆಗಸ್ಟ್ 15ರಿಂದ ಅನ್ವಯ ಮಾಡಿದ್ರು, ಹಿಂಗಾಗಿ ಕಾಶ್ಮೀರದಾಗ ಕಾದಿದವ್ರಿಗೂ ಸಿಕ್ತು. ಮೊದಲನೇದು ಮೇಜರ್ ಸೋಮನಾಥ ಶರ್ಮಾ ಅವ್ರದು, ಬಡಗಾಮ್, 1947ರ ನವೆಂಬರ್ 3.

ಹಡಪ್ಸರ್ ಕನ್ನಡಿಗ: ಶತ್ರುಗಳ ತೋಪು ಕರಗಿಸಿ ಈ ಪದಕ ಮಾಡ್ತಾರೆ ಅಂತ ಫಾರ್ವರ್ಡ್ ಬಂದಿದೆ, ನಿಜಾನಾ?

ಸುಬೇದಾರ್: ಅಲ್ಲ. ಆ ಕಥಿ ಬ್ರಿಟಿಷರ ವಿಕ್ಟೋರಿಯಾ ಕ್ರಾಸ್‌ದು. ನಮ್ಮದು ಕಂಚಿಂದು, ನಡುವ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ, ನೇರಳೆ ರಿಬ್ಬನ್. ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವ್ರದು.

ಪಿಂಪ್ರಿ ಅಣ್ಣ: ಪರಮವೀರ ಚಕ್ರ ಪಡೆದವ್ರಿಗೆ ತಿಂಗಳಿಗೆ ಎಷ್ಟ್ ದುಡ್ಡು?

ಸುಬೇದಾರ್: 2017ರಾಗ ಕೇಂದ್ರದ್ದು ತಿಂಗಳಿಗೆ 20,000 ರೂಪಾಯಿ ಆತು. ರಾಜ್ಯ ಸರ್ಕಾರಗಳು ಕೊಡೋದು ಬ್ಯಾರೆ.

ಕೋಥ್ರೂಡ್ ಅಕ್ಕ: ಸರ್, ನಮ್ಮ ಅಜ್ಜ ಬಾಂಬೆ ಸ್ಯಾಪರ್ಸ್‌ನಲ್ಲಿದ್ರು, 1948ರಲ್ಲಿ ಕಾಶ್ಮೀರದಲ್ಲಿದ್ರು ಅಂತ ಅಜ್ಜಿ ಹೇಳ್ತಿದ್ರು. ಟ್ರಂಕ್‌ನಲ್ಲಿ ಒಂದು ಪದಕ ಸಿಕ್ಕಿದೆ, ಬೆಳ್ಳಿ ಥರ ಇದೆ ಆದರೆ ಕಪ್ಪಾಗಿದೆ, ಮುಂದೆ ಐದು ಮೂಲೆ ನಕ್ಷತ್ರ, ರಿಬ್ಬನ್ ಅರ್ಧ ಕಡುನೀಲಿ ಅರ್ಧ ಕೇಸರಿ. ಮಾವ ಇದು ಪರಮವೀರ ಚಕ್ರನೇ ಅಂತಿದ್ದಾರೆ. ವಾಟ್ಸಾಪ್‌ನಲ್ಲಿ ಬಂದಿತ್ತು ಅಂತ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಈಗ ಆ ನೀರಲ್ಲೇ ನೆನೆಹಾಕಿದ್ದಾರೆ.

ಸುಬೇದಾರ್: ತಾಯಿ, ಮೊದ್ಲ ನೀರಿನಿಂದ ಹೊರಗ ತೆಗೀರಿ, ಉಳಿದದ್ದು ಆಮ್ಯಾಲೆ ಓದ್ರಿ. ರಿಬ್ಬನ್ ಒದ್ದಿ ಆಗದಂಗ ಪದಕ ಒಂದ ಸ್ವಚ್ಛ ನೀರಾಗ ತೊಳದು ಮೆತ್ತಗಿನ ಹತ್ತಿ ಬಟ್ಟೀಲೆ ಒತ್ತಿ ಒರಸ್ರಿ, ತಿಕ್ಕಬ್ಯಾಡ್ರಿ. ನೀವು ಹೇಳಿದ ಗುರುತು ನೋಡಿದ್ರ ಇದು ಪರಮವೀರ ಚಕ್ರ ಅಲ್ಲ, ವೀರ ಚಕ್ರ ಇರಬೇಕು. ಪರಮವೀರ ಎಲ್ಲಾಕ್ಕಿಂತ ದೊಡ್ಡದು, ಕಂಚಿಂದು; ಅದರ ಕೆಳಗಿನ ಮಹಾವೀರ ಬೆಳ್ಳಿದು ಆದ್ರ ರಿಬ್ಬನ್ ಅರ್ಧ ಬಿಳಿ ಅರ್ಧ ಕೇಸರಿ, ವೀರ ಚಕ್ರಕ್ಕ ಅರ್ಧ ನೀಲಿ ಅರ್ಧ ಕೇಸರಿ. ಅಲ್ಲ ಅಂದೆ ಅಂತ ಮನಸ್ಸಿಗೆ ಹಚ್ಕೋಬ್ಯಾಡ್ರಿ, ವೀರ ಚಕ್ರ ಸಹಿತ ಶತ್ರುವಿನ ಎದುರಿಗೆ ನಿಂತು ಗಳಿಸಿದ್ದು, ಅದು ಸಣ್ಣದಲ್ಲ. ನನಗ ಚಿಂತಿ ಇರೋದು ಅಂಚಿಂದು. ಅಂಚಿನ ಮ್ಯಾಲೆ ನಂಬರ್, ರ್‍ಯಾಂಕ್, ಹೆಸರು ಕೆತ್ತಿರ್ತಾರ, ಹುಳಿ ಮತ್ತ ಉಪ್ಪು ಅದನ್ನ ತಿಂತಾವ, ಅದು ಹೋತಂದ್ರ ನಿಮ್ಮ ಅಜ್ಜನ ಪದಕ ಯಾರದೋ ಪದಕ ಆಗಿಹೋಗ್ತದ. ಕರಿ ಬಣ್ಣ ಇರ್ಲಿ, ಅದರಿಂದ ಏನೂ ಕೆಡೂದಿಲ್ಲ. ಅಂಚಿನ ಫೋಟೋ ನನ್ನ ಪರ್ಸನಲ್‌ಗೆ ಕಳಸ್ರಿ, ಗ್ರೂಪ್‌ನ್ಯಾಗ ಹಾಕಬ್ಯಾಡ್ರಿ.

ಹಡಪ್ಸರ್ ಕನ್ನಡಿಗ: ಟೂತ್‌ಪೇಸ್ಟ್ ಒಳ್ಳೇದು, ನಮ್ಮಲ್ಲಿ ಬೆಳ್ಳಿಗೆ ಅದನ್ನೇ ಹಾಕ್ತೀವಿ.

ಸುಬೇದಾರ್: ಬ್ಯಾಡ. ಟೂತ್‌ಪೇಸ್ಟ್, ನಿಂಬೆ, ಬ್ರಾಸೋ ಯಾವುದೂ ಬ್ಯಾಡ. ಇಂಥಾ ಫಾರ್ವರ್ಡ್ ಕಳಸೋರು ಒಂದು ಪದಕ ಕೈಯಾಗ ಹಿಡದು ನೋಡಿದವ್ರಲ್ಲ.

ವಾಕಡ್ ಹುಡುಗ: ಕರ್ನಾಟಕಕ್ಕೆ ಒಂದೂ ಪರಮವೀರ ಚಕ್ರ ಬಂದಿಲ್ಲ ಅಲ್ವಾ ಸರ್?

ಕಾರವಾರದವ: ಯಾರು ಹೇಳಿದ್ದು? ರಾಮ ರಾಘೋಬಾ ರಾಣೆ ನಮ್ಮ ಕಾರವಾರದ ಚೆಂಡಿಯಾದವರು. ಕಾರವಾರ ಬೀಚ್‌ನಲ್ಲಿ ಚಾಪಲ್ ಹಡಗಿನ ಮ್ಯೂಸಿಯಂ ಹತ್ರ ಪ್ರತಿಮೆ ಇದೆ, ಹೋಗಿ ನೋಡಿ.

ಪಿಂಪ್ರಿ ಅಣ್ಣ: ಅವರ ಮಾತೃಭಾಷೆ ಕೊಂಕಣಿ. ಇದ್ದಿದ್ದು ಬಾಂಬೆ ಸ್ಯಾಪರ್ಸ್‌ನಲ್ಲಿ, ತೀರಿಕೊಂಡಿದ್ದೂ ಪುಣೆಯಲ್ಲಿ. ಮಹಾರಾಷ್ಟ್ರದವ್ರು ನಮ್ಮವ್ರು ಅಂತಾರಪ್ಪ.

ಕಾರವಾರದವ: ಕೊಂಕಣಿ ಮಾತಾಡೋರು ಕರ್ನಾಟಕದವ್ರಲ್ವಾ? ಮೊದ್ಲು ಭೂಗೋಳ ಓದ್ಕೊಂಡ್ ಬನ್ನಿ.

ಪಿಂಪ್ರಿ ಅಣ್ಣ: ಮರ್ಯಾದೆ ಕೊಟ್ಟು ಮಾತಾಡ್ರಿ.

ಚಿಂಚವಾಡ್ ತಾಯಿ: ಮಗ ಎನ್‌ಡಿಎ ಪರೀಕ್ಷೆ ಬರೀಬೇಕು, ಪುಣೆಯಲ್ಲಿ ಯಾವ ಕ್ಲಾಸ್ ಚಲೋ?

ಸುಬೇದಾರ್: ಜಗಳ ಸಾಕು ಮಾಡ್ರಿ ಇಬ್ರೂ. ರಾಣೆ ಅವ್ರು ಹುಟ್ಟಿದ್ದು 1918ರಾಗ, ಆಗ ಕಾರವಾರ ಮುಂಬೈ ಪ್ರಾಂತ್ಯದಾಗಿತ್ತು, 1956ರಾಗ ಮೈಸೂರಿಗೆ ಸೇರ್ತು. ಆ ಮನುಷ್ಯಾ ಏನು ಮಾಡಿದ ಅಂತ ಇಷ್ಟೊತ್ತಾದ್ರೂ ಒಬ್ರೂ ಕೇಳಿಲ್ಲ. 1948ರ ಏಪ್ರಿಲ್ 8, ನೌಶೇರಾದಿಂದ ರಾಜೌರಿಗೆ ಹೋಗೋ ದಾರಿ, ತುಂಬ ಮೈನ್ (ನೆಲದಾಗ ಹೂತಿಟ್ಟ ಬಾಂಬ್), ಕಡಿದ ಗಿಡ ಅಡ್ಡ ಹಾಕಿದ್ರು. ಮೈನ್ ತೆಗಿಯೋ ಕೆಲಸ ಶುರು ಮಾಡಿದ್ರೋ ಇಲ್ಲೋ ಮಾರ್ಟರ್ ಗುಂಡು ಬಿತ್ತು, ಇವ್ರ ಪಾರ್ಟಿದಾಗ ಇಬ್ರು ಸತ್ರು, ಇವ್ರೂ ಸೇರಿ ಐದು ಮಂದಿಗೆ ಗಾಯ. ಆದ್ರೂ ಉಳಿದವ್ರನ್ನ ಕೂಡಿಸಿಕೊಂಡು ಮತ್ತ ಹೊಂಟ್ರು. ಗುಂಡಿನ ಮಳಿ ನಡದಾಗ ಟ್ಯಾಂಕಿನ ಕೆಳಗ ತೆವಳ್ಕೊಂತ, ಹಗ್ಗ ಜಗ್ಗಿ ಡ್ರೈವರ್‌ಗೆ ಸನ್ನೆ ಕೊಟ್ಕೊಂತ ಮುಂದ ಹೋದ್ರು. 11ರ ತನಕ ದಾರಿ ಬಿಡಿಸೋದೇ ಕೆಲಸ, 12ಕ್ಕ ರಾಜೌರಿ ಕೈಗೆ ಬಂತು. ಗುಂಡು ಹೊಡದವ್ರ ಹೆಸರು ಎಲ್ಲಾರಿಗೂ ಗೊತ್ತಿರ್ತದ, ದಾರಿ ಮಾಡಿಕೊಟ್ಟ ಸ್ಯಾಪರ್‌ನ ಯಾರೂ ಕೇಳೂದಿಲ್ಲ. ಇಂಥವ್ರು ಯಾವ ರಾಜ್ಯದವ್ರು ಅಂತ ಹರದಾಡೋದು ನನಗ ಭಾಳ ಬ್ಯಾಸರ.

ಕಾರವಾರದವ: ಸರಿ ಸರ್. ಆದರೂ ಚೆಂಡಿಯಾ ಕರ್ನಾಟಕದಲ್ಲೇ ಇದೆ.

ಪಿಂಪ್ರಿ ಅಣ್ಣ: ಮತ್ತೆ ಶುರು ಆಯ್ತು.

ಕೋಥ್ರೂಡ್ ಅಕ್ಕ: ಸರ್, ತೊಳೆದು ಒರೆಸಿದ್ವಿ. ಫೋಟೋ ಕಳಿಸಿದ್ದೀನಿ.

ಸುಬೇದಾರ್: ನೋಡ್ದೆ. ಹೆಸರಿನ ಮೊದಲ ಅಕ್ಷರಗಳು, ನಂಬರಿನ ಮುಂದಿನ ಭಾಗ ಕಾಣ್ತದ, ಹಿಂದಿಂದು ಮಸುಕಾಗ್ಯಾದ. ಇನ್ನ ಮ್ಯಾಲೆ ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ, ನಿಮ್ಮ ಮಾವಗೂ. ಪ್ಲಾಸ್ಟಿಕ್ ಕವರ್‌ನ್ಯಾಗ ಇಡಬ್ಯಾಡ್ರಿ, ಮಳಿಗಾಲದಾಗ ಬೆವರ್ತದ, ಹತ್ತಿ ಬಟ್ಟೀಲೆ ಸುತ್ತಿ ಸಿಲಿಕಾ ಜೆಲ್ ಪುಡಿಕಿ ಜೊತಿ ಡಬ್ಬಿಯಾಗ ಇಡ್ರಿ. ಅಜ್ಜನ ಪೂರ್ತಿ ಹೆಸರು, ಊರು, ಪೆನ್ಶನ್ ಕಾಗದ ಇದ್ರ ಅದರ ನಕಲು ಎಲ್ಲಾ ಹಚ್ಚಿ ಖಡಕಿ ರೆಕಾರ್ಡ್ಸ್‌ಗೆ ಅರ್ಜಿ ಬರೀರಿ, ಸರ್ವಿಸ್ ದಾಖಲೆಯೊಳಗ ಯಾವ ಪದಕ ಅಂತ ನಮೂದು ಆಗಿರ್ತದ. ಅರ್ಜಿ ಬರಿಯೋದಕ್ಕ ಬೇಕಾದ್ರ ನಾನು ಕೂಡ್ತೀನಿ.

ಬಾಣೇರ್ ಟೆಕ್ಕಿ: ಲೇಟಾಗಿ ಜಾಯಿನ್ ಆದೆ. ಪರಮವೀರ ಚಕ್ರಕ್ಕೆ ತಿಂಗಳಿಗೆ ಎಷ್ಟು ಕೊಡ್ತಾರೆ ಸರ್?

ಸುಬೇದಾರ್: ಮ್ಯಾಲೆ ಬರದೀನಿ. ಓದ್ರಿ.