‘ಶೋಮ್ರಿಮ್’ ಎಂದರೆ ಕಾವಲುಗಾರರೋ, ಕಾಯುವವರೋ? ಅವರದು ಸಂಘವೋ, ಬಳಗವೋ?

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಯಹೂದಿ ಪೊಲೀಸರು 1924ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಹೆಸರು ಶೋಮ್ರಿಮ್ ಸೊಸೈಟಿ. ಅದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಮುಂದೆ ವಾರದಿಂದ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ಹೆಸರೇ. ಹೀಬ್ರೂದಲ್ಲಿ ‘ಶೋಮೇರ್’ ಎಂದರೆ ಕಾಯುವವನು. ‘ಶೋಮ್ರಿಮ್’ ಅದರ ಬಹುವಚನ. ಹಾಗಾಗಿ ‘ಶೋಮ್ರಿಮ್‌ಗಳು’ ಎಂದು ಬರೆದರೆ ಬಹುವಚನಕ್ಕೆ ಮತ್ತೊಂದು ಬಹುವಚನ ಅಂಟಿಸಿದ ಹಾಗೆ, ಅಲ್ವಾ? ಪೊಲೀಸ್ ಎನ್ನಲು ಹೀಬ್ರೂದಲ್ಲಿ ‘ಶೋಟೇರ್’ ಎಂಬ ಬೇರೆ ಪದವೇ ಇದೆ. ಇವರ ಹೆಸರಿನಲ್ಲಿರುವುದು ಅದಲ್ಲ. ಆದ್ದರಿಂದ ‘ಆರಕ್ಷಕರು’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ.

‘ಕಾವಲುಗಾರರು’ ಅನ್ನಬಹುದು. ಆದರೆ ಆ ಪದ ಕೇಳಿದರೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತವರ ನೆನಪಾಗುತ್ತದೆ. ನಮ್ಮ ‘ಕಾಯು’ ಧಾತು ಇದಕ್ಕಿಂತ ದೊಡ್ಡದು. ಹಸು ಕಾಯುತ್ತೇವೆ, ಹೊಲ ಕಾಯುತ್ತೇವೆ, ದೇವರು ಕಾಯಲಿ ಅನ್ನುತ್ತೇವೆ. ನಮ್ಮ ಅಜ್ಜ ರಾತ್ರಿ ಹೊತ್ತು ತೀರಿಕೊಂಡಾಗ ದೀಪ ಹಚ್ಚಿಟ್ಟು, ಮನೆಯವರು ಸರದಿಯ ಮೇಲೆ ಬೆಳಗಿನವರೆಗೂ ಹೆಣ ಕಾಯ್ದರು. ಯಹೂದಿಗಳಲ್ಲೂ ಮಣ್ಣು ಮಾಡುವವರೆಗೆ ಶವವನ್ನು ಒಂಟಿಯಾಗಿ ಬಿಡುವುದಿಲ್ಲ. ಹಾಗೆ ಪಕ್ಕದಲ್ಲಿ ಕೂರುವವನನ್ನೂ ಅವರು ‘ಶೋಮೇರ್’ ಎಂದೇ ಕರೆಯುತ್ತಾರೆ. ಇದು ಗೊತ್ತಾದಾಗ ನನಗೆ ಮೈ ಜುಂ ಎಂದಿತು. ಒಂದು ಕಡೆ ಮಾತ್ರ ಹೊಂದುವುದಿಲ್ಲ. ವಾರಕ್ಕೊಮ್ಮೆ ಬರುವ ಅವರ ವಿಶ್ರಾಂತಿಯ ದಿನವಾದ ಸಬ್ಬತ್‌ನ ಕಟ್ಟುಪಾಡು ನಡೆಸುವವನೂ ಅವರಿಗೆ ‘ಶೋಮೇರ್’. ಅಲ್ಲಿ ನಾವು ಪಾಲಿಸು ಎನ್ನುತ್ತೇವೆ, ಕಾಯು ಎನ್ನುವುದಿಲ್ಲ.

ಎರಡನೆಯ ಪದ ‘ಫ್ರೆಟರ್ನಲ್’. ಇಂಥ ಸಂಘಗಳನ್ನು ಇಂಗ್ಲಿಷಿನಲ್ಲಿ ಹೀಗೆ ಕರೆಯುತ್ತಾರೆ. ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಇದೇ. ನಿಘಂಟು ‘ಭ್ರಾತೃ’ ಅನ್ನುತ್ತದೆ. ಆದರೆ ಸಂಘದಲ್ಲಿ ಮಹಿಳಾ ಪೊಲೀಸರೂ ಇದ್ದಾರೆ. ‘ಯೂನಿಯನ್’ ಎನ್ನೋಣವೆಂದರೆ, ಸಂಬಳ, ಪಾಳಿಗಳ ಚೌಕಾಸಿಗೆ ಅಲ್ಲಿ ಬೇರೆ ಸಂಘಟನೆಗಳಿವೆ. ಇನ್ನೊಂದು ತೊಡಕೂ ಇದೆ. 1915ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರುವಾದ ‘ಫ್ರೆಟರ್ನಲ್ ಆರ್ಡರ್ ಆಫ್ ಪೊಲೀಸ್’ ಮಾಡಿದ್ದು ಯೂನಿಯನ್ನಿನ ಕೆಲಸವನ್ನೇ. ಆಗ ಪೊಲೀಸರು ಯೂನಿಯನ್ ಅಂದರೆ ಮೇಲಿನವರ ಕಣ್ಣು ಕೆಂಪಾಗುತ್ತಿತ್ತು. ಅದಕ್ಕೇ ಆ ಮೆತ್ತನೆಯ ಪದ. ಒಂದೇ ‘ಫ್ರೆಟರ್ನಲ್’ ಎರಡು ಕಡೆ ಎರಡು ಅರ್ಥದಲ್ಲಿ ನಿಂತಿದೆ.

ಶೋಮ್ರಿಮ್ ಹಾಗಲ್ಲ. ಐರಿಶ್ ಕ್ಯಾಥೊಲಿಕರೇ ತುಂಬಿದ್ದ ಇಲಾಖೆಯಲ್ಲಿ ಯಹೂದಿ ಪೊಲೀಸರು ಕೆಲವೇ ಮಂದಿ. ಅವರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿದ್ದು ಇದು. ಅಮೆರಿಕದ ಬೇರೆ ಊರುಗಳಲ್ಲೂ ಇಂಥ ಸಂಘಗಳು ಹುಟ್ಟಿ, ಮುಂದೆ ಎಲ್ಲವೂ ಸೇರಿ ಒಂದು ರಾಷ್ಟ್ರೀಯ ಒಕ್ಕೂಟವಾಯಿತು. ನ್ಯೂಯಾರ್ಕ್‌ನಲ್ಲಿ ಐರಿಶರಿಗೆ ಎಮರಲ್ಡ್ ಸೊಸೈಟಿ, ಇಟಲಿ ಮೂಲದವರಿಗೆ ಕೊಲಂಬಿಯಾ ಅಸೋಸಿಯೇಷನ್, ಕಪ್ಪು ಜನರಿಗೆ ಗಾರ್ಡಿಯನ್ಸ್ ಇವೆ. ನಮ್ಮ ಕಡೆಯವರಿಗೂ ದೇಸಿ ಸೊಸೈಟಿ ಇದೆ. ಪರಊರಲ್ಲಿ ಕನ್ನಡಿಗರು ಕನ್ನಡ ಬಳಗ, ಕನ್ನಡ ಕೂಟ ಕಟ್ಟಿಕೊಳ್ಳುವುದಿಲ್ಲವೇ, ಅದೇ ಮನಸ್ಸು. ಹಾಗಾಗಿ ನನ್ನ ಒಲವು ‘ಬಳಗ’ದ ಕಡೆಗೆ.

ಇನ್ನೊಂದು ಎಚ್ಚರಿಕೆ. ನ್ಯೂಯಾರ್ಕ್‌ನದೇ ಭಾಗವಾದ ಬ್ರೂಕ್ಲಿನ್‌ನ ಬರೋ ಪಾರ್ಕ್, ವಿಲಿಯಮ್ಸ್‌ಬರ್ಗ್‌ನಲ್ಲಿ ‘ಹಸಿದಿ’ ಎಂಬ ಸಂಪ್ರದಾಯಸ್ಥ ಪಂಥದ ಯಹೂದಿಗಳ ಗಸ್ತು ಪಡೆಗಳಿವೆ. ಅವಕ್ಕೂ ಶೋಮ್ರಿಮ್ ಎಂದೇ ಹೆಸರು. ಅವರು ಪೊಲೀಸರಲ್ಲ, ಸ್ವಯಂಸೇವಕರು. ಅವರಿಗೆ ‘ಗಸ್ತು ಪಡೆ’ ಎಂದರೆ ಗೊಂದಲ ತಪ್ಪುತ್ತದೆ.

‘ಕಾಯುವವರು’ ಎಂಬ ಪದವನ್ನೇ ಉಳಿಸಿಕೊಳ್ಳಬೇಕು ಎಂದು ನನಗೆ ಅನ್ನಿಸಿದ್ದು ಸಂಘಕ್ಕಿಂತ ಹಳೆಯ ಒಂದು ಘಟನೆಯಿಂದ. 1895ರಲ್ಲಿ ಬರ್ಲಿನ್‌ನಿಂದ ಆಲ್ವಾರ್ಟ್ ಎಂಬವನು ಯಹೂದಿಗಳ ವಿರುದ್ಧ ಭಾಷಣ ಮಾಡಲು ನ್ಯೂಯಾರ್ಕಿಗೆ ಬಂದ. ಸಭೆ ನಿಲ್ಲಿಸಿ ಎಂದು ಒತ್ತಾಯ ಬಂತು. ಆಗ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಸಭೆ ನಿಲ್ಲಿಸಲಿಲ್ಲ. ಅವನ ರಕ್ಷಣೆಗೆ ಯಹೂದಿ ಸಾರ್ಜೆಂಟ್ ಒಬ್ಬರನ್ನೂ ಹತ್ತಾರು ಯಹೂದಿ ಪೊಲೀಸರನ್ನೂ ಹಾಕಿದರು. ತಮ್ಮನ್ನೇ ಬೈಯುತ್ತಿದ್ದವನನ್ನು ಅವರು ಕಾಯ್ದರು. ಇಲ್ಲಿ ‘ಕಾವಲುಗಾರರು’ ಎಂದು ಬರೆದು ನೋಡಿದೆ, ತೂಕ ಸಾಲಲಿಲ್ಲ.

ನನ್ನ ಕರಡಿನಲ್ಲಿ ಸದ್ಯ ‘ಶೋಮ್ರಿಮ್, ಅಂದರೆ ಕಾಯುವವರ ಬಳಗ’ ಎಂದಿದೆ. ‘ಬಳಗ’ ಎಂದರೆ ನೆಂಟರಿಷ್ಟರು ಎಂದಷ್ಟೇ ನಿಮಗೆ ಕೇಳಿಸುತ್ತದೆಯೇ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ಹೇಳಿ. ಅಲ್ಲಿ ಬೇರೆ ಪದ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ.